ಬಿಸಿನೀರು ಬಿಟ್ಟ ಮೇಲೆ ತುರಿಕೆ ತಗ್ಗಿತು

ಬಸುರಿಯ ಮೈ ತುರಿಸಿದರೆ "ಹೊಟ್ಟೆ ಬೆಳೆಯುತ್ತಿದೆ, ಚರ್ಮ ಹಿಗ್ಗುತ್ತಿದೆ, ಅಷ್ಟೇ" ಎಂದುಬಿಡುವುದು ನಮ್ಮಲ್ಲಿ ರೂಢಿ. ಬಹಳಷ್ಟು ಜನರ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ಕೆಲವರಲ್ಲಿ ಹೊಟ್ಟೆಯೊಳಗಿನ ಮಗುವಿಗೆ ಅಪಾಯವಿದೆ ಎಂಬುದಕ್ಕೆ ತುರಿಕೆಯೊಂದೇ ಸೂಚನೆಯಾಗಿರುತ್ತದೆ. ಹಾಗಾಗಿ ನನ್ನ ಚೊಚ್ಚಲ ಬಸಿರಿನ ತುರಿಕೆಯ ಬಗ್ಗೆ ಬರೆಯುವಾಗ ಮನೆಮದ್ದಿಗೆ ಆಮೇಲೆ ಬರುತ್ತೇನೆ.

ನಮ್ಮ ಮನೆ ಇರುವುದು ಸೋಮವಾರಪೇಟೆಯಿಂದ ಮೇಲೆ, ಶಾಂತಳ್ಳಿಯ ಕಡೆ. ಪುಷ್ಪಗಿರಿಯ ಮಳೆ ಜೋರಾಗಿ ಹಿಡಿದಿದ್ದ ಆಷಾಢದಲ್ಲಿ, ಎಂಟನೆಯ ತಿಂಗಳು ನಡೆಯುತ್ತಿದ್ದಾಗ, ಕಿಬ್ಬೊಟ್ಟೆಯಲ್ಲಿ ಚರ್ಮ ಹಿಗ್ಗಿ ಮೂಡಿದ್ದ ಗೆರೆಗಳ ಮೇಲೆಯೇ ಸಾಸಿವೆಕಾಳಿನಷ್ಟು ಕೆಂಪು ಗುಳ್ಳೆಗಳು ಎದ್ದವು. ಕ್ರಮೇಣ ಒಂದಕ್ಕೊಂದು ಕೂಡಿಕೊಂಡು ದದ್ದುಗಳಾದವು. ತೊಡೆ, ಪೃಷ್ಠ, ತೋಳುಗಳಿಗೂ ಹರಡಿದವು. ಹೊಕ್ಕುಳಿನ ಸುತ್ತ ಮಾತ್ರ ಒಂದು ಗುಳ್ಳೆಯೂ ಇರಲಿಲ್ಲ. "ಒಣಗಲು ಹಾಕಿದ ಬಟ್ಟೆಯ ಮೇಲೆ ಹಾಲುವಾಣದ ಮರದಿಂದ ಕಂಬಳಿಹುಳು ಬಿದ್ದಿರಬೇಕು ಕಣಮ್ಮಾ" ಎಂದರು ಅತ್ತೆ. ತೋಟದ ಮನೆಯಲ್ಲಿ ಯಾರಿಗಾದರೂ ಮೊದಲು ಬರುವ ಅನುಮಾನ ಅದೇ. ಇಲ್ಲವೇ ಇಂಬಳ, ಅಂದರೆ ಜಿಗಣೆ. ಆದರೆ ಇಂಬಳ ಕಚ್ಚಿದರೆ ಕಚ್ಚಿದ ಜಾಗವಷ್ಟೇ ತುರಿಸುತ್ತದೆ, ಹೀಗೆ ಮೈಮೇಲೆ ಹಬ್ಬುವುದಿಲ್ಲ.

ಹೆರಿಗೆ ವೈದ್ಯೆ ದದ್ದು ನೋಡುವ ಮೊದಲು ಪ್ರಶ್ನೆ ಕೇಳಿದರು. ಅಂಗೈ, ಅಂಗಾಲು ತುರಿಸುತ್ತಿದೆಯೇ? ಗುಳ್ಳೆಯೇ ಇಲ್ಲದ ಕಡೆಯೂ ತುರಿಕೆ ಇದೆಯೇ? ಮೂತ್ರದ ಬಣ್ಣ ಗಾಢವಾಗಿದೆಯೇ, ಮಲ ಬಿಳಿಚಿಕೊಂಡಿದೆಯೇ? ಮಗು ಎಂದಿನಂತೆ ಮಿಸುಕುತ್ತಿದೆಯೇ? ಈ ಪ್ರಶ್ನೆಗಳ ಹಿಂದೆ ಇದ್ದದ್ದು ಯಕೃತ್ತಿನ ಒಂದು ತೊಂದರೆ. ಬಸಿರಿನಲ್ಲಿ ಕೆಲವರಿಗೆ ಪಿತ್ತರಸ ಸರಿಯಾಗಿ ಹರಿಯದೆ ಪಿತ್ತದ ಆಮ್ಲಗಳು ರಕ್ತದಲ್ಲಿ ಏರುತ್ತವೆ. ಆಗ ಅಂಗೈ ಅಂಗಾಲುಗಳಲ್ಲಿ, ಅದರಲ್ಲೂ ರಾತ್ರಿ, ವಿಪರೀತ ತುರಿಕೆ. ಕೆರೆದ ಗೀರುಗಳ ಹೊರತು ಚರ್ಮದ ಮೇಲೆ ಏನೂ ಕಾಣುವುದಿಲ್ಲ. ಆ ಆಮ್ಲ ತುಂಬಾ ಏರಿದರೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯವಿರುವುದರಿಂದ ಕೆಲವೊಮ್ಮೆ ದಿನ ತುಂಬುವ ಮೊದಲೇ ಹೆರಿಗೆ ಮಾಡಿಸುತ್ತಾರೆ. ನನ್ನ ದದ್ದು ಕಣ್ಣಿಗೆ ಕಾಣುತ್ತಿದ್ದರೂ ಯಕೃತ್ತಿನ ಪರೀಕ್ಷೆ, ಪಿತ್ತ ಆಮ್ಲದ ಪರೀಕ್ಷೆ ಎರಡನ್ನೂ ಬರೆದುಕೊಟ್ಟರು. ಎರಡನೆಯದರ ರಕ್ತದ ಮಾದರಿಯನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸಬೇಕಾಯಿತು. ವರದಿ ಬರುವವರೆಗೆ ನಾನು ಪಟ್ಟ ಆತಂಕ ಅಷ್ಟಿಷ್ಟಲ್ಲ. ಎರಡೂ ಸರಿಯಾಗಿದ್ದವು. ದದ್ದಿಲ್ಲದೆ ತುರಿಸುತ್ತಿರುವ ಗರ್ಭಿಣಿಯರನ್ನು ನಾನು ಕೈಮುಗಿದು ಕೇಳಿಕೊಳ್ಳುವುದು ಇಷ್ಟೇ: ಪಿತ್ತ ಆಮ್ಲದ (ಬೈಲ್ ಆಸಿಡ್) ಪರೀಕ್ಷೆಯ ಹೆಸರು ಹೇಳಿ, ಕೇಳಿ ಮಾಡಿಸಿಕೊಳ್ಳಿ.

ನನಗೆ ಬಂದಿದ್ದನ್ನು ವೈದ್ಯರು ಪಿಯುಪಿಪಿಪಿ ಎನ್ನುತ್ತಾರೆ, ಬಸಿರಿನಲ್ಲಿ ಏಳುವ ತುರಿಕೆಯ ಗುಳ್ಳೆ, ದದ್ದು ಎಂಬರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು. ಈ ಹೆಸರು 1979ರಲ್ಲಿ ಬಳಕೆಗೆ ಬಂದದ್ದು. ಚೊಚ್ಚಲ ಬಸಿರಿನಲ್ಲಿ, ಕೊನೆಯ ಮೂರು ತಿಂಗಳಲ್ಲಿ, ಅವಳಿ ಮಕ್ಕಳಿದ್ದರೆ ಇನ್ನೂ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಹೊಟ್ಟೆಯ ಗೆರೆಗಳಲ್ಲಿ ಶುರುವಾಗಿ ಹೊಕ್ಕುಳನ್ನು ಬಿಟ್ಟು ಹರಡುವುದೇ ಇದರ ಗುರುತು. ಮಗುವಿಗೆ ಏನೂ ಆಗುವುದಿಲ್ಲ. ಹೊಕ್ಕುಳಿನ ಸುತ್ತಲೇ ಶುರುವಾಗಿ ನೀರು ತುಂಬಿದ ಬೊಬ್ಬೆಗಳೇಳುವುದು ಬೇರೆಯೇ ಕಾಯಿಲೆ, ಅದನ್ನು ಚರ್ಮವೈದ್ಯರು ನೋಡಲೇಬೇಕು.

ಮಗು ಸುರಕ್ಷಿತ ಎಂದು ಗೊತ್ತಾದರೂ ತುರಿಕೆ ನಿಲ್ಲುವುದಿಲ್ಲವಲ್ಲ. ನಿದ್ದೆಯೇ ಇಲ್ಲ. ಇಲ್ಲಿಂದ ಮುಂದೆ ನಾನು ಸೆಣಸಿದ್ದು ಶಾಖದ ಜೊತೆ. ಮಳೆಗಾಲದಲ್ಲಿ ನಮ್ಮ ಕಡೆ ಬದುಕು ನಡೆಯುವುದೇ ಬೆಂಕಿಯ ಸುತ್ತ. ಬಚ್ಚಲಲ್ಲಿ ಹಂಡೆಯ ಕುದಿನೀರು, ಜಗಲಿಯಲ್ಲಿ ಅಗ್ಗಿಷ್ಟಿಕೆ, ಮೈಮೇಲೆ ಸ್ವೆಟರ್, ಹೊದೆಯಲು ಕಂಬಳಿ. ಕುದಿನೀರು ಸುರಿದುಕೊಂಡಾಗ ಸಿಗುವ ಸುಖ ಟವೆಲ್ಲಿನಲ್ಲಿ ಒರೆಸಿಕೊಳ್ಳುವವರೆಗೆ ಮಾತ್ರ, ಆಮೇಲೆ ತುರಿಕೆ ಇಮ್ಮಡಿ. ಬಿಸಿನೀರು ಚರ್ಮದ ಜಿಡ್ಡನ್ನು ತೊಳೆದು ಒಣಗಿಸುತ್ತದೆ, ಶಾಖ ತುರಿಕೆಯನ್ನು ಕೆರಳಿಸುತ್ತದೆ. ನಾನು ಉಗುರುಬೆಚ್ಚಗಿನ ನೀರನ್ನೇ ಬಳಸತೊಡಗಿದೆ. ಸ್ನಾನ ಬೇಗ ಮುಗಿಸಿ, ಸೋಪನ್ನು ಕಂಕುಳು ಮತ್ತು ತೊಡೆಸಂದಿಗೆ ಮಾತ್ರ ಹಾಕುತ್ತಿದ್ದೆ.

ಸ್ನಾನಕ್ಕೆ ಓಟ್ಸ್ ಬಳಸಿದ್ದು ತುಂಬಾ ಹಿತವಾಯಿತು. ಸಾದಾ ಓಟ್ಸನ್ನು ಮಿಕ್ಸಿಯಲ್ಲಿ ಹಿಟ್ಟು ಮಾಡಿ, ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಬಕೆಟ್ಟಿನಲ್ಲಿ ನೆನೆಸಿ ಹಿಂಡಿದರೆ ನೀರು ಬೆಳ್ಳಗಾಗಿ ಕೈಗೆ ಜಾರುತ್ತದೆ. ಕೊನೆಯಲ್ಲಿ ಆ ನೀರನ್ನೇ ಮೈಮೇಲೆ ಹೊಯ್ದುಕೊಂಡು, ಉಜ್ಜದೆ ಟವೆಲ್ಲಿನಿಂದ ಒತ್ತಿ ಒರೆಸಿ, ಪಸೆ ಆರುವ ಮೊದಲೇ ಸುವಾಸನೆಯಿಲ್ಲದ ಮುಲಾಮನ್ನೋ ಬರಿಯ ಕೊಬ್ಬರಿ ಎಣ್ಣೆಯನ್ನೋ ಹಚ್ಚುತ್ತಿದ್ದೆ. ಎಣ್ಣೆಗೆ ಕರ್ಪೂರ ಬೆರೆಸುವುದು ಹಿರಿಯರ ಮದ್ದು. ಕರ್ಪೂರ ಚರ್ಮದ ಮೂಲಕ ಒಳಸೇರಿ ಮಗುವನ್ನೂ ತಲುಪಬಲ್ಲದು ಎಂದು ವೈದ್ಯೆ ಬೇಡವೆಂದರು. ಅತ್ತೆಗೆ ಹೇಳಿದೆ, ಅವರು ಒಂದೇ ಮಾತಿಗೆ ಒಪ್ಪಿ ಕರ್ಪೂರದ ಡಬ್ಬಿಯನ್ನು ದೇವರ ಮನೆಗೆ ಸಾಗಿಸಿದರು.

ರಾತ್ರಿ ಕೈ ತಾನಾಗಿ ಹೊಟ್ಟೆಗೆ ಹೋಗುತ್ತಿತ್ತು. ಉಗುರನ್ನು ಬುಡದವರೆಗೆ ಕತ್ತರಿಸಿಕೊಂಡಿದ್ದೆ. ತಲೆದಿಂಬಿನ ಬಳಿ ಸ್ಟೀಲಿನ ಲೋಟದಲ್ಲಿ ನಲ್ಲಿಯ ನೀರು ತುಂಬಿಸಿಟ್ಟಿರುತ್ತಿದ್ದೆ. ಆಷಾಢದ ಶಾಂತಳ್ಳಿಯಲ್ಲಿ ಅದಕ್ಕೆ ಫ್ರಿಜ್ ಬೇಕಿಲ್ಲ. ತುರಿಕೆ ಎದ್ದಾಗ ಆ ಲೋಟದ ಹೊರಮೈಯನ್ನು ದದ್ದಿನ ಮೇಲೆ ಒತ್ತಿಹಿಡಿದರೆ ಕೆರೆಯುವ ಹಂಬಲ ಇಳಿಯುತ್ತಿತ್ತು. ಹಗಲಿನಲ್ಲಿ ಕ್ಯಾಲಮೈನ್ ಲೋಷನ್. ವೈದ್ಯೆ ಬರೆದುಕೊಟ್ಟ ಸೌಮ್ಯ ಸ್ಟಿರಾಯ್ಡ್ ಮುಲಾಮನ್ನು ಅವರು ಹೇಳಿದಷ್ಟೇ ತೆಳುವಾಗಿ ಹಚ್ಚಿ, ಮಲಗುವ ಮುಂಚೆ ತುರಿಕೆ ತಗ್ಗಿಸುವ ಸೆಟಿರಿಜಿನ್ ಮಾತ್ರೆಯನ್ನೂ ತೆಗೆದುಕೊಂಡೆ. ಔಷಧವೇ ಬೇಡವೆಂದು ಹಟ ಹಿಡಿದು ನಿದ್ದೆಗೆಡುವುದರಲ್ಲಿ ಅರ್ಥವಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಆದರೆ ಮೆಡಿಕಲ್ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ, ಹಲವು ಔಷಧ ಬೆರೆಸಿದ ಮುಲಾಮುಗಳ ಹತ್ತಿರ ಸುಳಿಯಬೇಡಿ. ಅವುಗಳಲ್ಲಿ ಅನೇಕವು ತೀಕ್ಷ್ಣ ಸ್ಟಿರಾಯ್ಡ್ ಇರುವಂಥವು. ನಮ್ಮ ಮಳೆಗಾಲದಲ್ಲಿ ಅರೆಬರೆ ಒಣಗಿದ ಒಳಉಡುಪು ತೊಟ್ಟು ತೊಡೆಸಂದಿಯಲ್ಲಿ ಹುಳುಕಡ್ಡಿ ಆಗುವುದು ಸಾಮಾನ್ಯ. ಅದರ ಮೇಲೆ ಅಂಥ ಮುಲಾಮು ಹಚ್ಚಿದರೆ ಮೊದಲು ತಗ್ಗಿದಂತೆ ಕಂಡು ಆಮೇಲೆ ಹರಡುತ್ತದೆ. ಬಚ್ಚಲ ಒಲೆಯ ಮೇಲಿನ ಬಿದಿರಿನ ಗಳುವಿನಲ್ಲಿ ಆರಿದ ಬಟ್ಟೆಯಲ್ಲೂ ತೇವ ಉಳಿದಿರುತ್ತದೆ. ಮೈಗೆ ತಾಗುವ ಪ್ರತಿ ಬಟ್ಟೆಯನ್ನೂ ಒಳಮಗ್ಗುಲಿನಿಂದ ಇಸ್ತ್ರಿ ಮಾಡಿ, ತಣಿದ ಮೇಲೆ ತೊಡುತ್ತಿದ್ದೆ. ಸ್ವೆಟರಿನ ಒಳಗೆ ಸಡಿಲ ಹತ್ತಿಯ ನೈಟಿ. ಕಂಬಳಿಯ ಬದಲು ಹತ್ತಿಯ ಹೊದಿಕೆಗಳನ್ನು ಒಂದರ ಮೇಲೊಂದು ಹೊದ್ದೆ, ಸೆಕೆಯಾದರೆ ಒಂದನ್ನು ಸರಿಸುತ್ತಿದ್ದೆ.

ಹೆರಿಗೆಯಾದ ತಕ್ಷಣ ದದ್ದು ಮಾಯವಾಗಲಿಲ್ಲ. ಬಾಣಂತನಕ್ಕೆಂದು ಅಮ್ಮನ ಮನೆಗೆ ಹೋದಾಗ ಅಲ್ಲಿ ಮತ್ತೆ ಹಂಡೆ ಕುದಿಯುತ್ತಿತ್ತು. ಬಾಣಂತಿಗೆ ಸುಡುನೀರು ಹೊಯ್ಯದಿದ್ದರೆ ಸೊಂಟ ಗಟ್ಟಿಯಾಗುವುದಿಲ್ಲ ಎಂದು ಅಜ್ಜಿಯ ಪಟ್ಟು. ನಾನು ತೋಳಿನ ದದ್ದು ತೋರಿಸಿ, "ಅಜ್ಜಿ, ಎಣ್ಣೆ ನೀವೇ ತಿಕ್ಕಿ, ನೀರಿನ ಹದ ಮಾತ್ರ ನಾನು ನೋಡಿಕೊಳ್ಳುತ್ತೇನೆ" ಎಂದೆ. ಅವರು ಮನಸಾರೆ ಎಣ್ಣೆ ತಿಕ್ಕಿದರು, ನಾನು ತಣ್ಣೀರು ಬೆರೆಸಿಕೊಂಡೆ. ಕೆಲವೇ ವಾರಗಳಲ್ಲಿ ದದ್ದು ಇಳಿಯಿತು. ತೊಡೆಯ ಮೇಲಿನ ಕಂದು ಕಲೆಗಳು ಮಾಸಲು ಇನ್ನಷ್ಟು ತಿಂಗಳು ಬೇಕಾದವು, ಅದಕ್ಕೆ ಏನನ್ನೂ ಹಚ್ಚಲಿಲ್ಲ. ಪಿಯುಪಿಪಿಪಿ ಮುಂದಿನ ಬಸಿರಿನಲ್ಲಿ ಮರುಕಳಿಸುವುದು ಅಪರೂಪ. ಪಿತ್ತದ ತುರಿಕೆ ಹಾಗಲ್ಲ, ಒಮ್ಮೆ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಹೆಚ್ಚು. ಆದ್ದರಿಂದ ತುರಿಕೆ ಯಾವುದೆಂದು ಗೊತ್ತಾದ ದಿನವೇ ಅದನ್ನು ತಾಯಿ ಕಾರ್ಡಿನಲ್ಲಿ ಬರೆಸಿ, ಪರೀಕ್ಷೆಯ ವರದಿಗಳನ್ನು ಅದರ ಜೊತೆಗೇ ಇಟ್ಟುಕೊಳ್ಳಿ.