ಮಸ್ಟಾಂಗೋ, ಕೇಮನ್ನೋ? ಮೂರ್ನಾಡು ರಸ್ತೆಯಲ್ಲಿ ಓಡಿಸಿ ನೋಡಿದ್ದು

ಕಾರು ತೆಗೆದುಕೊಳ್ಳುವ ಮೊದಲು ನಾನು ತಂದದ್ದು ಒಂದು ಡಬ್ಬಿ ಚಾಕ್‌ಪೀಸ್. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

2024ರಲ್ಲಿ ರೊಬಸ್ಟಾ ಕಾಫಿಗೆ ನಾವು ಯಾರೂ ಕಾಣದ ರೇಟು ಬಂತು. ಸಾಲ ತೀರಿಸಿದೆ, ಕಣ ರಿಪೇರಿ ಮಾಡಿಸಿದೆ. ಉಳಿದ ದುಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ಮನಸ್ಸಲ್ಲಿದ್ದ ಸ್ಪೋರ್ಟ್ಸ್ ಕಾರು ತರಬೇಕು ಅಂತ ಹೊರಟೆ. ಹೊಸದು ಕೈಗೆಟುಕುವ ಮಾತಲ್ಲ, ಸೆಕೆಂಡ್ ಹ್ಯಾಂಡೇ ಆಗಬೇಕು. ಭಾನುವಾರಕ್ಕೆ ಮಾತ್ರ ಹೊರಗೆ ತೆಗೆಯುವ ಕಾರು ನನಗೆ ಬೇಡ. ದಿನಾ ಮೂರ್ನಾಡಿನ ತೋಟದಿಂದ ಮಡಿಕೇರಿಗೆ ಹೋಗಿ ಬರಬೇಕು. ಮಳೆಯಲ್ಲೂ, ಮಂಜಲ್ಲೂ.

ಕೊನೆಗೆ ಎರಡು ಉಳಿದವು. ಫೋರ್ಡ್ ಮಸ್ಟಾಂಗ್ ಜಿಟಿ ಮತ್ತು ಪೋರ್ಶೆ 718 ಕೇಮನ್. ಮಸ್ಟಾಂಗ್‌ಗೆ ಮುಂದೆ 5 ಲೀಟರ್ ವಿ8 ಎಂಜಿನ್, ಅಂದರೆ ಎಂಟು ಸಿಲಿಂಡರ್, 400 ಪಿಎಸ್ ಆಸುಪಾಸಿನ ಶಕ್ತಿ. ಕೇಮನ್‌ಗೆ 2 ಲೀಟರ್ ಟರ್ಬೊ, ನಾಲ್ಕೇ ಸಿಲಿಂಡರ್, 300 ಪಿಎಸ್. ಆ ಎಂಜಿನ್ ನಮ್ಮ ಬೆನ್ನ ಹಿಂದೆಯೇ ಇರುತ್ತದೆ. ಕಾಗದದ ಮೇಲೆ ನೋಡಿದರೆ ಮಸ್ಟಾಂಗೇ ಗೆದ್ದಿತು ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಬೆಂಗಳೂರಿನ ಒಬ್ಬ ಡೀಲರ್ ಎರಡು ಕಿಲೋಮೀಟರ್ ಓಡಿಸಲು ಕೊಟ್ಟು, ಅಡ್ವಾನ್ಸ್ ಯಾವಾಗ ಕೊಡ್ತೀರಿ ಅಂತ ಕೇಳಿದರು. ಅಗಲವಾದ ರಸ್ತೆಯಲ್ಲಿ ಎರಡು ಕಿಲೋಮೀಟರ್ ಹೋದರೆ ಏನೂ ಗೊತ್ತಾಗುವುದಿಲ್ಲ. ವಾಪಸ್ ಬಂದೆ. ವಿರಾಜಪೇಟೆಯಲ್ಲಿ ಭಾವನ ಸ್ನೇಹಿತರ ಹತ್ತಿರ ಒಂದು ಮಸ್ಟಾಂಗ್ ಇತ್ತು. ಕೇಳಿದ್ದಕ್ಕೆ, ಎರಡು ದಿನ ಇಟ್ಟುಕೊಳ್ಳಿ ಅಂದರು. ಕೇಮನ್ ಮಾರುವವರು ಮೈಸೂರಿನವರು. ನನ್ನ ಮಾತು ಕೇಳಿ ತಾವೇ ಓಡಿಸಿಕೊಂಡು ನಮ್ಮ ಮನೆಗೆ ಬಂದರು, ಊಟ ಮಾಡಿದರು, ಸಂಜೆವರೆಗೆ ನನ್ನ ಪಕ್ಕ ಕೂತರು. ಇಬ್ಬರಿಗೂ ನಾನು ಋಣಿ.

ಈಗ ಚಾಕ್‌ಪೀಸ್ ವಿಷಯ. ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ, ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಆದರೆ ಇಂಥ ಕಾರುಗಳಲ್ಲಿ ಹೊಟ್ಟೆಗಿಂತ ಮೊದಲು ತಾಗುವುದು ಮೂತಿ. ಮುಂದಿನ ಚಕ್ರ ಹಂಪ್ ಹತ್ತುವ ಮೊದಲೇ ಮೂತಿ ಅಲ್ಲಿಗೆ ಹೋಗಿರುತ್ತದೆ. ಹಾಗಾಗಿ ಬಂಪರಿನ ಕೆಳಗಿನ ಅಂಚಿಗೆ ಈ ತುದಿಯಿಂದ ಆ ತುದಿವರೆಗೆ ಚಾಕ್ ಉಜ್ಜಿದೆ. ದಿನದ ದಾರಿಯಲ್ಲಿ ನಿಧಾನಕ್ಕೆ ಹೋದೆ. ಪ್ರತಿ ಹಂಪ್ ಆದ ಮೇಲೆ ಇಳಿದು, ಬಗ್ಗಿ ನೋಡಿದೆ. ಮುಖ್ಯ ರಸ್ತೆಯ ಹಂಪ್‌ಗಳಲ್ಲಿ ಸ್ವಲ್ಪ ಓರೆಯಾಗಿ ಹತ್ತಿಸಿದರೆ ಎರಡೂ ಕಾರಿನ ಚಾಕ್ ಹಾಗೇ ಉಳಿಯಿತು. ತೋಟದ ದಾರಿ ಟಾರ್ ರಸ್ತೆಗೆ ಸೇರುವ ಮೋರಿಯ ಹತ್ತಿರ ಮಾತ್ರ ಎರಡಕ್ಕೂ ಅಂಗೈ ಅಗಲ ಅಳಿಸಿಹೋಗಿತ್ತು. ಕಾರಿನಲ್ಲಿ ವ್ಯತ್ಯಾಸ ಇರಲಿಲ್ಲ, ರಿಪೇರಿ ಬೇಕಾಗಿದ್ದದ್ದು ಮೋರಿಗೆ. ಒಂದು ಲೋಡ್ ಜಲ್ಲಿ ತರಿಸಿ ಏರು ತಗ್ಗಿಸಿದೆ.

ವ್ಯತ್ಯಾಸ ಗೊತ್ತಾಗಿದ್ದು ಅಗಲದಲ್ಲಿ. ನಮ್ಮ ಗೇಟು ಎಂಟು ಅಡಿ. ಮಸ್ಟಾಂಗ್ ಕನ್ನಡಿ ಸೇರಿ ಎರಡು ಮೀಟರ್ ದಾಟುತ್ತದೆ. ಎರಡೂ ಕಡೆ ಒಂದೊಂದು ಗೇಣು ಉಳಿಯುವುದೂ ಕಷ್ಟ. ಗೇಟಿನ ವಿಷಯ ಹೇಗೋ ಆಗುತ್ತದೆ, ರಸ್ತೆಯನ್ನು ಅಗಲ ಮಾಡಲು ಆಗುತ್ತದಾ? ಜುಲೈ ತಿಂಗಳು, ಬೆಳಿಗ್ಗೆ ಏಳು ಗಂಟೆ, ಮೇಕೇರಿ ತಿರುವುಗಳಲ್ಲಿ ಮಂಜು. ಎದುರಿಗೆ ಬಸ್ಸು ಬಂತು. ಎಡಕ್ಕೆ ಸರಿಯಬೇಕು, ಟಾರಿನ ಅಂಚು ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗಬೇಕು. ಮಸ್ಟಾಂಗ್‌ನ ಉದ್ದನೆಯ ಬಾನೆಟ್ ಮೇಲಿಂದ ನನಗೆ ಅದು ಕಾಣಲಿಲ್ಲ. ಅಂದಾಜಿನ ಮೇಲೆ ಸರಿದೆ. ಕೈ ಬೆವರಿತು.

ಕೇಮನ್‌ನಲ್ಲಿ ಅದೇ ತಿರುವಿಗೆ ಹೋದಾಗ ಮಂಜು ಇರಲಿಲ್ಲ, ಮಳೆ ಜೋರಾಗಿತ್ತು. ಡ್ರೈವರ್ ಸೀಟಿನಿಂದ ನೋಡಿದರೆ ಮುಂದಿನ ಎರಡು ಮಡ್‌ಗಾರ್ಡ್ ಉಬ್ಬಿಕೊಂಡು ಕಾಣುತ್ತವೆ. ಚಕ್ರ ಅದರ ಅಡಿಯಲ್ಲೇ. ಎಡಚಕ್ರವನ್ನು ಟಾರಿನ ಅಂಚಿಗೆ ಸರಿಯಾಗಿ ಇಟ್ಟೆ, ಎದುರು ಬಂದ ಲಾರಿ ಪಕ್ಕದಲ್ಲೇ ದಾಟಿತು. ಭಾರವೂ ಕಮ್ಮಿ, ಸುಮಾರು 1,365 ಕೆಜಿ. ಮಸ್ಟಾಂಗ್ 1,700 ದಾಟುತ್ತದೆ. ಬೇತ್ರಿ ಕಡೆಯ ಇಳಿಜಾರಿನಲ್ಲಿ ಒದ್ದೆ ರಸ್ತೆ ಮೇಲೆ ಬ್ರೇಕ್ ಒತ್ತಿದಾಗ ಆ ವ್ಯತ್ಯಾಸ ಕಾಲಿಗೇ ತಿಳಿಯಿತು.

ಶಬ್ದದ ವಿಷಯದಲ್ಲಿ ಮಾತ್ರ ಮಸ್ಟಾಂಗ್‌ಗೆ ಸಾಟಿ ಇಲ್ಲ. ಆ ವಿ8 ಸ್ಟಾರ್ಟ್ ಆದಾಗ ಎದೆ ನಡುಗುತ್ತದೆ, ಈಗಲೂ ಕಿವಿಯಲ್ಲಿದೆ. ಆದರೆ ಆನೆ ಓಡಾಡುವ ಮಾಲ್ದಾರೆ, ತಿತಿಮತಿ ಕಡೆ ಆ ಸದ್ದು ಮಾಡಿಕೊಂಡು ಹೋಗಲು ನನಗೆ ಮನಸ್ಸಿಲ್ಲ.

ಸೀಟಿನ ಲೆಕ್ಕ ಬೇಗ ಮುಗಿಯಿತು. ಮಸ್ಟಾಂಗ್‌ನ ಹಿಂದಿನ ಸೀಟಲ್ಲಿ ನನ್ನ ಹೆಂಡತಿ ಕೂತು ನೋಡಿದಳು, ತಲೆ ಗಾಜಿಗೆ ತಾಗಿತು. ಚಿಕ್ಕ ಮಕ್ಕಳಿರುವ ಮನೆಗೆ ಅದು ಉಪಯೋಗ. ನಮ್ಮ ಮಕ್ಕಳು ದೊಡ್ಡವರಾಗಿ ಹೊರಗೆ ಓದುತ್ತಿದ್ದಾರೆ. ಕೇಮನ್‌ಗೆ ಎರಡೇ ಸೀಟು. ಆದರೆ ಮುಂದೊಂದು ಡಿಕ್ಕಿ, ಹಿಂದೊಂದು ಡಿಕ್ಕಿ. ಸಂತೆ ಸಾಮಾನು ಮುಂದೆ, ಒದ್ದೆ ಕೊಡೆ, ಗಂಬೂಟು ಹಿಂದೆ. ಪೆಟ್ರೋಲ್ ಎರಡಕ್ಕೂ ನಾನು 95 ಆಕ್ಟೇನ್‌ನದೇ ಹಾಕಿದೆ. ಮಸ್ಟಾಂಗ್ ಲೀಟರಿಗೆ ಆರು ಕಿಲೋಮೀಟರ್ ಕೊಟ್ಟಿತು, ಕೇಮನ್ ಒಂಬತ್ತು.

ಕೇಮನ್ ಅಂತ ತೀರ್ಮಾನ ಆದ ಮೇಲೆ ಟೈರ್ ನೋಡಿದೆ. ಕಮ್ಮಿ ಓಡಿದ ಕಾರಿನ ಟೈರಿನ ಗ್ರಿಪ್ ಹೊಸದರ ಹಾಗೇ ಇರುತ್ತದೆ, ರಬ್ಬರ್‌ಗೆ ಮಾತ್ರ ವಯಸ್ಸಾಗಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಅಂದರೆ 2018ರ 23ನೇ ವಾರ ತಯಾರಾದದ್ದು. ಇದರ ನಾಲ್ಕೂ ಹಳೆಯವು. ಮಾರುವವರಿಗೆ ತೋರಿಸಿದೆ, ಮರುಮಾತಿಲ್ಲದೆ ಟೈರಿನ ದುಡ್ಡು ಬಿಟ್ಟರು. ಎಂಜಿನ್ ಮೇಲಿಂದ ಕಾಣುವುದೇ ಇಲ್ಲ, ಲಿಫ್ಟ್ ಮೇಲೆ ಏರಿಸಿ ಅಡಿಯಿಂದಲೇ ನೋಡಿಸಬೇಕು. ಇನ್ನೊಂದು, ಹೊರ ರಾಜ್ಯದ ನೋಂದಣಿ ಇದ್ದರೆ ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕಾಗುತ್ತದೆ. ಕರ್ನಾಟಕದ್ದೇ ಹುಡುಕಿದ್ದು ಅದಕ್ಕೇ.

ಅವ್ವನಿಗೆ ಎಪ್ಪತ್ತೆಂಟು. ಇಷ್ಟು ತಗ್ಗಿನ ಕಾರು ಹೇಗೆ ಹತ್ತುತ್ತಾರೋ ಅಂತ ಹೆದರಿದ್ದೆ. ಮೊದಲು ಸೀಟಿಗೆ ಬೆನ್ನು ಮಾಡಿ ಕೂರುವುದು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತೆಗೆದುಕೊಳ್ಳುವುದು. ಎರಡನೇ ದಿನಕ್ಕೆ ರೂಢಿ ಆಯಿತು.

ಒಂದು ಮಳೆಗಾಲ ಕಳೆದಿದೆ. ಈ ಕಾರಿನ ರೇಡಿಯೇಟರ್‌ಗಳು ಮುಂದಿನ ಬಂಪರಿನ ಎರಡು ಬದಿಯ ಗೂಡಿನೊಳಗೆ ಇವೆ. ನಮ್ಮ ತೋಟದ ಸಿಲ್ವರ್ ಓಕ್ ಎಲೆಗಳು ಒದ್ದೆಯಾಗಿ ಅಲ್ಲೇ ಹೋಗಿ ಕೂರುತ್ತವೆ. ಪ್ರತಿ ಭಾನುವಾರ ಮಂಡಿಯೂರಿ, ಬೆರಳು ಹಾಕಿ ಒಂದೊಂದೇ ಎಳೆದು ತೆಗೆಯುತ್ತೇನೆ. ಕಳೆದ ವಾರ ಎರಡು ಹಿಡಿ ಸಿಕ್ಕಿತು.