ಸಣ್ಣಕತೆ ಪಾಠಕ್ಕೆ ನಾನು ಮೊದಲು ಕೇಳೋ ಪ್ರಶ್ನೆ: ಅವಳಿಗೆ ಏನು ಬೇಕಿತ್ತು?

ತೀರ್ಥಹಳ್ಳಿ ತಾಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಲಿ ಆರು, ಏಳು, ಎಂಟನೇ ಕ್ಲಾಸಿಗೆ ಕನ್ನಡ ಪಾಠ ಮಾಡ್ತೀನಿ. ಸಣ್ಣಕತೆಯ ಅಂಶಗಳು ಅಂದ್ರೆ ಪಾತ್ರ, ಸ್ಥಳ-ಕಾಲ, ಕಥಾಹಂದರ, ಸಂಘರ್ಷ, ನಿರೂಪಣೆ, ಆಶಯ ಅಂತ ಸಾಲಾಗಿ ಬರೆಸೋದು ವಾಡಿಕೆ, ಮಕ್ಕಳೂ ಅದನ್ನ ಮಗ್ಗಿ ತರ ಒಪ್ಪಿಸಿಬಿಡ್ತಾರೆ, ಆದ್ರೆ ಹೊಸದೊಂದು ಕತೆ ಕೈಗೆ ಕೊಟ್ಟು ಇದ್ರಲ್ಲಿ ಸಂಘರ್ಷ ಎಲ್ಲಿದೆ ತೋರ್ಸು ಅಂದ್ರೆ ನಮ್ಮ ಮುಖಾನೇ ನೋಡ್ತಾ ಕೂರ್ತಾರೆ. ಹಂಗಾಗಿ ನಾನು ಆ ಸಾಲನ್ನ ಪಕ್ಕಕ್ಕಿಟ್ಟು ಸಂಘರ್ಷದಿಂದಲೇ ಶುರು ಮಾಡ್ತೀನಿ, ಆ ಪದಾನೂ ಮೊದಲು ಹೇಳಲ್ಲ. ಎರಡೇ ಪ್ರಶ್ನೆ. ಈ ಪಾತ್ರಕ್ಕೆ ಏನು ಬೇಕು? ಅದು ಸಿಗದಂಗೆ ಏನು ಅಡ್ಡ ನಿಂತಿದೆ? ಇವೆರಡಕ್ಕೆ ಉತ್ತರ ಸಿಕ್ತು ಅಂದ್ರೆ ಉಳಿದ ಅಂಶಗಳೆಲ್ಲ ಅದರ ಹಿಂದೆನೇ ಬರುತ್ತವೆ ಅನ್ನೋದು ನನ್ನ ಗಟ್ಟಿ ನಂಬಿಕೆ.

ಕತೆನ ಮಕ್ಕಳ ಕೈಲೇ ಕಟ್ಟಿಸ್ತೀನಿ. ಒಂದ್ಸಲ ಏಳನೇ ಕ್ಲಾಸಿನವರು ಕಟ್ಟಿದ್ದು ಹೇಳ್ತೀನಿ ಕೇಳಿ, ಆಮೇಲಿನ ವರ್ಷಗಳಲ್ಲೂ ನನಗೆ ಉದಾಹರಣೆಗೆ ಅದೇ. ಪುನರ್ವಸು ಮಳೆ ಹಿಡಿದಿರೋ ಸಂಜೆ, ಮನೇಲಿ ಪುಟ್ಟಿ ಮತ್ತೆ ಅಜ್ಜಿ ಇಬ್ರೇ, ಮೇಯೋಕೆ ಹೋದ ಗಬ್ಬದ ದನ ಕೊಟ್ಟಿಗೆಗೆ ಬಂದಿಲ್ಲ, ಅದು ಹಳ್ಳದ ಆಚೆ ಗುಡ್ಡದಲ್ಲಿ ಕೂಗ್ತಾ ಇರೋದು ಕೇಳುತ್ತೆ, ಈಚೆಯಿಂದ ಆಚೆಗೆ ಇರೋದು ಅಡಿಕೆ ಮರದ ಕಾಲುಸಂಕ (ನಡ್ಕೊಂಡು ದಾಟೋ ಸಣ್ಣ ಸೇತುವೆ) ಒಂದೇ. ಪುಟ್ಟಿಗೆ ಏನು ಬೇಕು? ದನ ಬೇಕು. ಏನು ಅಡ್ಡ? ಇಡೀ ಕ್ಲಾಸು ಒಟ್ಟಿಗೆ “ಹಳ್ಳ ಮೇಡಂ” ಅಂತು. ಇನ್ನೇನು ಅಂದೆ. ಒಬ್ಳು “ಮಳೇಲಿ ಸಂಕದ ಹತ್ರ ಹೋಗ್ಬೇಡ ಅಂತ ಅಪ್ಪ ಹೇಳಿರ್ತಾರೆ” ಅಂದ್ಲು. ಹಿಂದಿನ ಬೆಂಚಿಂದ ಇನ್ನೊಬ್ಬ “ಅವ್ಳಿಗೇ ಹೆದ್ರಿಕೆ ಮೇಡಂ” ಅಂದ. ನೋಡಿ, ಪ್ರಕೃತಿ ಜೊತೆ ಸಂಘರ್ಷ, ಇನ್ನೊಬ್ಬ ಮನುಷ್ಯನ ಜೊತೆ ಸಂಘರ್ಷ, ತನ್ನ ಜೊತೆಗೇ ಸಂಘರ್ಷ, ಮೂರೂ ಬೋರ್ಡಿಗೆ ಬಂದ್ವು. ಆಗ ಪಕ್ಕದಲ್ಲಿ ಹೆಸರು ಬರೆದೆ, ಅಷ್ಟೇ, ಬಿಡಿಸಿ ಹೇಳೋದು ಬೇಕಾಗಲೇ ಇಲ್ಲ.

ಮುಂದೆ ಏನಾಗ್ಬೇಕು ಅನ್ನೋದಕ್ಕೆ ದೊಡ್ಡ ಚರ್ಚೆನೇ ಆಯ್ತು. ತುಂಬಾ ಜನಕ್ಕೆ ಅವಳು ಬೀಳ್ಬೇಕು, ಯಾರೋ ಬಂದು ಎತ್ಬೇಕು. ಕೆಲವರಿಗೆ ದನ ಈಜಿ ಬರ್ಬೇಕು. ಯಾವಾಗ್ಲೂ ಸುಮ್ಮನಿರೋ ಹುಡುಗ ಒಬ್ಬ “ಅವ್ಳು ದಾಟೋದೇ ಬೇಡ ಮೇಡಂ, ದಾಟ್ಲಿಲ್ಲ ಅಂದ್ರೆ ರಾತ್ರಿ ಅವ್ಳಿಗೆ ನಿದ್ದೆ ಬರಲ್ಲ, ಅದನ್ನೇ ಬರಿಯೋಣ” ಅಂದ. ನನಗೆ ತುಂಬಾ ಖುಷಿಯಾಯ್ತು, ಕತೆಯ ತಿರುವು ಅಂದ್ರೆ ಏನೋ ದೊಡ್ಡ ಘಟನೆನೇ ಆಗ್ಬೇಕು ಅಂತಿಲ್ಲ, ಪಾತ್ರ ಒಂದು ತೀರ್ಮಾನ ತಗೊಳೋದೂ ತಿರುವೇ ಅಂತ ಹೇಳೋಕೆ ನನಗೆ ಅದಕ್ಕಿಂತ ಒಳ್ಳೆ ಉದಾಹರಣೆ ಬೇಕಿರ್ಲಿಲ್ಲ. ಇನ್ನೊಂದು ಕಾರಣಾನೂ ಇದೆ. ನಮ್ಮ ಕಡೆ ಮಳೆಗಾಲದಲ್ಲಿ ಸಂಕ ದಾಟೋವಾಗ ಮಕ್ಕಳು ಕೊಚ್ಚಿಕೊಂಡು ಹೋಗಿರೋದು ನಿಜ, ದಾಟಿದ್ದನ್ನೇ ಶೌರ್ಯ ಅಂತ ಹೊಗಳೋ ಕತೆ ನನ್ನ ಕ್ಲಾಸಲ್ಲಿ ನನಗೆ ಬೇಡ.

ಕಥಾಹಂದರಕ್ಕೆ ಪುಸ್ತಕಗಳಲ್ಲಿ ಒಂದು ಗುಡ್ಡದ ಚಿತ್ರ ಹಾಕ್ತಾರಲ್ಲ, ಆರಂಭ, ಏರಿಕೆ, ತುದಿ, ಇಳಿಕೆ, ಮುಕ್ತಾಯ ಅಂತ, ಅದರ ಮೂಲ ಜರ್ಮನಿಯ ಗುಸ್ಟಾವ್ ಫ್ರೈಟಾಗ್ 1863ರಲ್ಲಿ ಐದು ಅಂಕದ ನಾಟಕಗಳನ್ನ ಬಿಡಿಸಿ ತೋರ್ಸೋಕೆ ಮಾಡಿದ್ದು. ನಾನೂ ಬೋರ್ಡಲ್ಲಿ ಬರೀತೀನಿ, ಮಕ್ಕಳಿಗೆ ಕಣ್ಣಿಗೆ ಕಾಣುತ್ತೆ ಅಂತ. ಆದ್ರೆ ಎಷ್ಟೋ ಸಣ್ಣಕತೆ ತುದಿ ಹತ್ರಾನೇ ಮುಗಿದುಹೋಗುತ್ತೆ, ಇಳಿಕೆನೇ ಇರಲ್ಲ, ಅದನ್ನ ತಪ್ಪು ಅಂತ ಮಕ್ಕಳು ತಿಳ್ಕೋಬಾರ್ದು. ನನಗೆ ಗುಡ್ಡಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದಿದ್ದು ಬೇರೆ. ಈ ವಯಸ್ಸಿನವರು ಬರೆಯೋ ಕತೇಲಿ ಪ್ರತಿ ಸಾಲೂ “ಆಮೇಲೆ” ಅಂತಲೇ ಶುರುವಾಗುತ್ತೆ. ಬರೆದಾದ್ಮೇಲೆ ಪ್ರತಿ “ಆಮೇಲೆ”ನೂ ಹೊಡೆದುಹಾಕಿ ಅಲ್ಲಿ “ಅದಕ್ಕೇ” ಅಥವಾ “ಆದ್ರೆ” ಕೂರುತ್ತಾ ನೋಡಿ ಅಂತೀನಿ. ದನ ಬರ್ಲಿಲ್ಲ, ಅದಕ್ಕೇ ಪುಟ್ಟಿ ಹಳ್ಳದ ಹತ್ರ ಹೋದ್ಲು, ಆದ್ರೆ ಸಂಕದ ಮೇಲೆ ನೀರು ಹರೀತಿತ್ತು. ಎರಡೂ ಕೂರಲ್ಲ ಅಂದ್ರೆ ಆ ಘಟನೆಗೂ ಹಿಂದಿನದಕ್ಕೂ ಸಂಬಂಧ ಇಲ್ಲ ಅಂತ ಅರ್ಥ, ತೆಗೀಬಹುದು. ಘಟನೆಗಳ ಸಾಲಿಗೂ ಕಥಾಹಂದರಕ್ಕೂ ಇರೋ ವ್ಯತ್ಯಾಸ ಇಷ್ಟೇ, ಕಾರಣ. ಮಕ್ಕಳು ತಮ್ಮ ಕೈಯಾರೆ ಸಾಲು ಹೊಡೆದುಹಾಕ್ದಾಗ ಅದು ಅರ್ಥ ಆದಂಗೆ ನಾನು ಹೇಳಿದ್ರೆ ಆಗಲ್ಲ.

ಸ್ಥಳ ಮತ್ತು ಕಾಲ ಅಂದ್ರೆ ಮೊದಲೆಲ್ಲ “ಒಂದಾನೊಂದು ಊರಿನಲ್ಲಿ” ಅಂತ ಬರೆದು ಮುಗಿಸೋರು. ಅದಕ್ಕೊಂದು ಆಟ ಇಟ್ಟಿದೀನಿ: ಇದೇ ಕತೆನ ಚಳ್ಳಕೆರೆಗೆ ತಗೊಂಡು ಹೋಗಿ ಅಂತ. ನಮ್ಮ ಆಗುಂಬೇಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತೆ, ಚಳ್ಳಕೆರೆ ಕಡೆ 500ರ ಆಸುಪಾಸು. ಅಲ್ಲಿ ಹಳ್ಳ ಒಣಗಿರುತ್ತೆ, ಪುಟ್ಟಿ ಆರಾಮಾಗಿ ನಡ್ಕೊಂಡು ಹೋಗಿ ದನ ಹೊಡ್ಕೊಂಡು ಬರ್ತಾಳೆ, ಕತೆನೇ ಇಲ್ಲ. ಹಂಗಾದ್ರೆ ಅಲ್ಲಿ ಅಡ್ಡ ಏನಿರ್ಬಹುದು ಅಂತ ಅವರೇ ಯೋಚಿಸ್ತಾರೆ, ನೀರಿಲ್ಲದೆ ಇರೋದು, ಮೇವಿಲ್ಲದೆ ಇರೋದು, ದನ ಮಾರಬೇಕಾಗಿ ಬರೋದು. ಸ್ಥಳ ಬದಲಾದ್ರೆ ಸಂಘರ್ಷಾನೇ ಬದಲಾಗುತ್ತೆ ಅನ್ನೋದು ಆ ಹೊತ್ತಿಗೆ ತಾನಾಗೇ ತಲೆಗೆ ಹೋಗಿರುತ್ತೆ.

ಪಾತ್ರಗಳ ಬಗ್ಗೆ ಜಾಸ್ತಿ ಹೇಳಲ್ಲ. ಮಕ್ಕಳು ಅತ್ತೆ, ಮಾವ, ದೊಡ್ಡಪ್ಪ, ಪಕ್ಕದ ಮನೆಯವ್ರು ಎಲ್ರನ್ನೂ ಕತೆಗೆ ತಂದುಬಿಡ್ತಾರೆ. ಅಮೆರಿಕದ ಕತೆಗಾರ ಎಡ್ಗರ್ ಅಲನ್ ಪೋ 1842ರಲ್ಲೇ ಸಣ್ಣಕತೆ ಅರ್ಧ ಗಂಟೆಯಿಂದ ಎರಡು ಗಂಟೆ ಒಳಗೆ ಓದಿ ಮುಗಿಯೋ ಹಂಗಿರ್ಬೇಕು ಅಂದಿದ್ದ, ಅಷ್ಟ್ರಲ್ಲಿ ಎಷ್ಟು ಜನರನ್ನ ಸರಿಯಾಗಿ ಪರಿಚಯ ಮಾಡ್ಕೋಬಹುದು ಹೇಳಿ ಅಂತ ಕೇಳ್ತೀನಿ. ಇಬ್ರು, ಮೂರು ಜನ. ಅವರನ್ನೂ “ಒಳ್ಳೆಯ ಹುಡುಗಿ” ಅಂತ ಬರೀಬೇಡಿ, ಅವಳು ಮಾಡಿದ್ದು ಬರೀರಿ ಅಂತ ಹೇಳ್ತೀನಿ.

ನಿರೂಪಣೆ ಎಂಟನೇ ಕ್ಲಾಸಿಗೆ ಇಟ್ಕೊಂಡಿದೀನಿ. ಪುಟ್ಟಿ ಕತೆನೇ ಅಜ್ಜಿ “ನಾನು” ಅಂತ ಹೇಳಿದ್ರೆ ಹೆಂಗಿರುತ್ತೆ? ಅಜ್ಜಿ ಕಣ್ಣಿಗೆ ಹಳ್ಳ ಕಾಣಲ್ಲ, ಸಂಕ ಕಾಣಲ್ಲ, ಬಾಗಿಲಲ್ಲಿ ಕೂತು ಮಳೆ ಸದ್ದು ಕೇಳ್ಬಹುದು ಅಷ್ಟೇ, ಹುಡುಗಿ ಏನು ತೀರ್ಮಾನ ಮಾಡಿದ್ಲು ಅನ್ನೋದು ಅವಳು ವಾಪಸ್ ಬರೋ ತನಕ ಗೊತ್ತಿರಲ್ಲ. ಒಂದು ಹುಡುಗಿ ಹಂಗೆ ಬರೆದದ್ದು ಓದಿ ಇಡೀ ಕ್ಲಾಸು ಸೈಲೆಂಟ್ ಆಯ್ತು, ಘಟನೆ ಅದೇ, ಆದ್ರೆ ಕತೆ ಈಗ ಕಾಯೋ ಮುದುಕಿಯದು. ಕತೆ ಹೇಳೋರಿಗೆ ಏನು ಗೊತ್ತು, ಏನು ಗೊತ್ತಿಲ್ಲ, ಇದೊಂದು ಪ್ರಶ್ನೆ ಹಿಡ್ಕೊಂಡ್ರೆ ಉತ್ತಮ ಪುರುಷ, ಪ್ರಥಮ ಪುರುಷ ಅನ್ನೋ ವ್ಯಾಕರಣದ ಪಾಠಕ್ಕೂ ಜೀವ ಬರುತ್ತೆ.

ಎಲ್ಲಕ್ಕಿಂತ ಕಷ್ಟದ್ದು ಆಶಯ. ಚಿಕ್ಕ ಕ್ಲಾಸಿಂದ ಪಂಚತಂತ್ರದ ತರದ ಕತೆ ಓದಿ ಓದಿ ಕೊನೇಲಿ “ನೀತಿ:” ಅಂತ ಬರೆಯೋದು ಮಕ್ಕಳಿಗೆ ರೂಢಿಯಾಗಿರುತ್ತೆ, ಪುಟ್ಟಿ ಕತೆಗೂ ತಕ್ಷಣ “ಹಿರಿಯರ ಮಾತು ಕೇಳಬೇಕು” ಅಂತ ಬರೆದ್ರು. ಅದು ತಪ್ಪಲ್ಲ, ಆದ್ರೆ ಅದಷ್ಟಕ್ಕೇ ನಿಲ್ಲಿಸಿದ್ರೆ ರಾತ್ರಿಯೆಲ್ಲ ನಿದ್ದೆ ಬರದೆ ದನದ ಕೂಗು ಕೇಳ್ತಾ ಮಲಗಿದ್ದ ಪುಟ್ಟಿ ಕತೆಯಿಂದ ಮಾಯ ಆಗಿಬಿಡ್ತಾಳೆ. ಹಂಗಾಗಿ ನೀತಿ ಕೇಳೋದು ಬಿಟ್ಟು, ಕತೆ ಓದಿದ್ಮೇಲೆ ನಿಮ್ಮೊಳಗೆ ಯಾವ ಪ್ರಶ್ನೆ ಉಳೀತು ಅಂತ ಕೇಳ್ತೀನಿ. “ಹೆದ್ರಿಕೊಂಡ್ರೆ ತಪ್ಪಾ?” “ದನಕ್ಕೆ ಏನಾದ್ರೂ ಆಗಿದ್ರೆ ಅದು ಪುಟ್ಟಿ ತಪ್ಪಾ?” ಇಂಥವು ಬರುತ್ವೆ. ಆ ಪ್ರಶ್ನೆಗೆ ಈ ಕತೆ ಏನು ಉತ್ತರ ಕೊಡ್ತಿದೆ ಅಂತ ಒಂದು ಪೂರ್ತಿ ವಾಕ್ಯ ಬರೀರಿ ಅಂತೀನಿ. “ಧೈರ್ಯ” ಅಂತ ಒಂದೇ ಪದ ಬರೆದ್ರೆ ಅದು ವಿಷಯ ಆಯ್ತು, ಆಶಯ ಆಗ್ಲಿಲ್ಲ. “ಸರಿಯಾದ ತೀರ್ಮಾನ ತಗೊಂಡ್ರೂ ಮನಸ್ಸಿಗೆ ನೋವಾಗಬಹುದು” ಅಂತ ಬರೆದವರಿದಾರೆ, ಏಳನೇ ಕ್ಲಾಸಿನ ಮಕ್ಕಳು. ಇಬ್ರು ಬೇರೆ ಬೇರೆ ಬರೆದ್ರೆ ಎರಡನ್ನೂ ಒಪ್ತೀನಿ, ಆದ್ರೆ ಕತೆಯ ಯಾವ ಸಾಲು ನೋಡಿ ಹಂಗನ್ನಿಸ್ತು ಅಂತ ತೋರಿಸ್ಲೇಬೇಕು.

ಟೆಸ್ಟಲ್ಲೂ “ಸಂಘರ್ಷ ಎಂದರೇನು” ಅಂತ ಕೇಳೋದು ಬಿಟ್ಟಿದೀನಿ, ಓದದೇ ಇರೋ ಒಂದು ಪುಟದ ಕತೆ ಕೊಟ್ಟು ಅದರ ಮೇಲೇ ಪ್ರಶ್ನೆ ಹಾಕ್ತೀನಿ. ನೀವೂ ಮಾಡಿ ನೋಡೋದಾದ್ರೆ ಆರನೇ ಕ್ಲಾಸಿಗೆ ಏನು ಬೇಕು, ಏನು ಅಡ್ಡ, ಎಲ್ಲಿ ನಡೀತು, ಈ ಮೂರೇ ಸಾಕು. ಏಳಕ್ಕೆ ಕಾರಣದ ಸರಪಳಿ, ತಿರುವು, ಆಶಯ. ಕ್ಲಾಸಲ್ಲಿ ಕಟ್ಟಿದ ಕತೆನ ಚಾರ್ಟ್ ಮೇಲೆ ಬರೆದು ವರ್ಷ ಪೂರ್ತಿ ಗೋಡೆ ಮೇಲೇ ಬಿಡಿ, ಪಠ್ಯದಲ್ಲಿ ಯಾವ ಗದ್ಯ ಬಂದ್ರೂ ಮಕ್ಕಳು ಅದನ್ನ ತೋರ್ಸಿ “ಇಲ್ಲಿ ಸಂಕ ಯಾವ್ದು ಮೇಡಂ?” ಅಂತ ಅವರೇ ಕೇಳ್ತಾರೆ.