ಗುಜರಿಯಿಂದ ತಂದ ಕಪ್ಪು ಸಾಣೆಕಲ್ಲು

ಹಳೆ ಸಾಣೆಕಲ್ಲು ಕೈಗೆ ಸಿಕ್ಕಿದರೆ ಮೊದಲು ಅದರ ಬಣ್ಣವನ್ನು ನಂಬಬೇಡಿ. ಮಂಗಳೂರು ಬಂದರಿನ ಕಡೆಯ ಗುಜರಿ ಅಂಗಡಿಯಿಂದ ನಾನು ತಂದದ್ದು ಇದ್ದಿಲಿನಷ್ಟು ಕಪ್ಪಗಿತ್ತು. 8 ಇಂಚು ಉದ್ದ, 2 ಇಂಚು ಅಗಲ, ಒಂದು ಇಂಚು ದಪ್ಪ. ಅದರ ಮರದ ಪೆಟ್ಟಿಗೆಯ ತಳವನ್ನು ಒರಲೆ ತಿಂದು ಮುಗಿಸಿತ್ತು. "ಫಾರಿನ್ ಕಲ್ಲು ಮಾರಾಯ್ರೆ, ಈಗೆಲ್ಲ ಸಿಗುದಿಲ್ಲ" ಎಂದರು ಅಂಗಡಿಯವರು. ಗುಜರಿಯಲ್ಲಿ ಎಲ್ಲವೂ ಫಾರಿನ್ನೇ ಬಿಡಿ.

ಆ ಕಪ್ಪು ಕಲ್ಲಿನದ್ದಲ್ಲ, ಎಣ್ಣೆಯದ್ದು. ನಮ್ಮೂರಿನಲ್ಲಿ ತಲೆಗೂ ತೆಂಗಿನೆಣ್ಣೆ, ಬಾಗಿಲ ತಿರುಗಣೆಗೂ ತೆಂಗಿನೆಣ್ಣೆ, ಸಾಣೆಕಲ್ಲಿಗೂ ಅದೇ. ಕಬ್ಬಿಣದ ಪುಡಿ, ಮರದ ಹುಡಿ ಎರಡೂ ಆ ಎಣ್ಣೆಯಲ್ಲಿ ಕಲಸಿಕೊಂಡು ವರ್ಷಗಟ್ಟಲೆ ಕೂತರೆ ಕಲ್ಲಿನ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ. ಉಳಿ ಇಟ್ಟು ಉಜ್ಜಿದರೆ ಸುಮ್ನೆ ಜಾರುತ್ತದೆ.

ಹಾಗಾಗಿ ಮೊದಲು ತೊಳೆಯುವ ಕೆಲಸ, ಗುರುತು ಹಿಡಿಯುವುದು ಆಮೇಲೆ. ಮುಚ್ಚಳವಿರುವ ಡಬ್ಬಿಯಲ್ಲಿ ಕಲ್ಲು ಮುಳುಗುವಷ್ಟು ಚಿಮಿಣಿ ಎಣ್ಣೆ ಹಾಕಿ ಅಂಗಳದ ಮೂಲೆಯಲ್ಲಿಟ್ಟೆ. ಈಗ ಚಿಮಿಣಿ ಎಣ್ಣೆ ಸಿಗುವುದು ಕಷ್ಟ. ಪೈಂಟ್ ಅಂಗಡಿಯ ಟರ್ಪಂಟೈನ್ ಆದರೂ ಆಗುತ್ತದೆ. ಒಲೆ, ಬೀಡಿ ಎರಡೂ ದೂರ ಇರಲಿ. ಎಣ್ಣೆ ಕಪ್ಪಾದಂತೆ ಬದಲಿಸುತ್ತಾ ಹೋದೆ. ಕೊನೆಗೆ ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಗಟ್ಟಿ ಬ್ರಶ್ಶಿನಿಂದ ತಿಕ್ಕಿದೆ. ಕಲ್ಲನ್ನು ಒಲೆಯಲ್ಲಿಟ್ಟು ಎಣ್ಣೆ ಇಳಿಸುತ್ತೇನೆ ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಎಣ್ಣೆಗೆ ಬೆಂಕಿ ಹಿಡಿಯಬಹುದು, ಕಲ್ಲೂ ಸೀಳಬಹುದು.

ತೊಳೆದ ಮೇಲೆ ಬದಿಯಲ್ಲಿ ಒಂದು ಗೆರೆ ಕಾಣಿಸಿತು. ಗೆರೆಯ ಮೇಲೆ ನುಣುಪು, ಕೆಳಗೆ ತರಿತರಿ. ಅಲ್ಲಿಗೆ ಅರ್ಧ ಪ್ರಶ್ನೆ ಮುಗಿಯಿತು. ಒರಟು, ನಯ ಎರಡು ಪದರ ಜೋಡಿಸಿದ ಇಂಥ ಕಲ್ಲು ಹೆಚ್ಚಾಗಿ ಕಾರ್ಖಾನೆಯದ್ದೇ. ಬಿಸಿಲಿಗೆ ಹಿಡಿದಾಗ ಬೂದು ಮೈಯಲ್ಲಿ ಸಣ್ಣ ಸಣ್ಣ ಹರಳು ಮಿನುಗಿದವು. ಒಂದು ಹನಿ ನೀರು ಬಿಟ್ಟರೆ ಒರಟು ಬದಿ ಕುಡಿದುಬಿಟ್ಟಿತು. ಇದು ಕಾರ್ಬೊರಂಡಮ್, ಅಂದರೆ ಸಿಲಿಕಾನ್ ಕಾರ್ಬೈಡ್. ಅಮೆರಿಕದ ಅಚೆಸನ್ 1891ರಲ್ಲಿ ವಿದ್ಯುತ್ ಕುಲುಮೆಯಲ್ಲಿ ತಯಾರಿಸಿದ ವಸ್ತು. ನಮ್ಮ ದೇಶದಲ್ಲಿ ಸಾಣೆ ಹಿಡಿಯುವ ಸಾಮಾನು ಮಾಡಲು ಮದ್ರಾಸಿನಲ್ಲಿ 1954ರಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಕಂಪನಿ ಶುರುವಾಯಿತು. ನನ್ನ ಕಲ್ಲಿನ ಮೇಲೆ ಯಾವ ಗುರುತೂ ಉಳಿದಿಲ್ಲ, ಯಾರದ್ದೆಂದು ನಾನು ಹೇಳಲಾರೆ.

ಕಂದು, ಕಿತ್ತಳೆ ಬಣ್ಣ ಬಂದಿದ್ದರೆ ಅಲ್ಯುಮಿನಿಯಂ ಆಕ್ಸೈಡ್ ಇರಬಹುದು ಎನ್ನುತ್ತಿದ್ದೆ. ನಾರ್ಟನ್ ಕಂಪನಿಯ ಇಂಡಿಯಾ ಸ್ಟೋನ್ ಈ ಜಾತಿಯದ್ದು. ಮೈಯೆಲ್ಲ ಒಂದೇ ಸಮನೆ ನುಣುಪಾಗಿ, ನೀರು ಕುಡಿಯದೆ, ಟಾರ್ಚ್ ಹಿಡಿದರೆ ಅಂಚಿನಲ್ಲಿ ತುಸು ಬೆಳಕು ದಾಟಿದರೆ ಮಾತ್ರ ಅಮೆರಿಕದ ಅರ್ಕಾನ್ಸಾದ ನೈಸರ್ಗಿಕ ಕಲ್ಲಿನ ಆಸೆ ಇಟ್ಟುಕೊಳ್ಳಬಹುದು. ಅದರಲ್ಲೂ ಕಪ್ಪು ಜಾತಿಗೆ ಬೆಳಕಿನ ಪರೀಕ್ಷೆ ನಡೆಯುವುದಿಲ್ಲ. ನನಗೇನೂ ಬೇಜಾರಾಗಲಿಲ್ಲ. ಉಳಿಯ ಬಾಯಿ ಬೇಗ ಬಿಡಿಸಲು ಕಾರ್ಬೊರಂಡಮ್ಮೇ ಒಳ್ಳೆಯದು.

ಇನ್ನು ನಡುವಿನ ತಗ್ಗು. ಕಬ್ಬಿಣದ ಸ್ಕೇಲ್ ಅಡ್ಡ ಇಟ್ಟರೆ ಕೆಳಗಿನಿಂದ ಬೆಳಕು ಧಾರಾಳ ಬರುತ್ತಿತ್ತು. ಕತ್ತಿ ಮಸೆಯುವವರಿಗೆ ಇದರಿಂದ ನಷ್ಟವಿಲ್ಲ, ಕತ್ತಿಯ ಬಾಯಿಯೇ ಬಾಗಿದ್ದು ಅಲ್ವಾ? ಮನೆಯ ಕತ್ತಿಗೆ ಮಾತ್ರ ಸಾಕು ಎನ್ನುವವರು ತೊಳೆದು ಇಟ್ಟರೆ ಆಯಿತು. ನನಗೆ ಬೇಕಾದದ್ದು ಉಳಿ ಮತ್ತು ಕೀಸುಳಿಗೆ. ಅವುಗಳ ಬೆನ್ನು ಸಪಾಟಾಗಬೇಕಾದರೆ ಕಲ್ಲೂ ಸಪಾಟಾಗಬೇಕು.

ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಉಪ್ಪುಕಾಗದ, ಇದಕ್ಕೆ ದಂಡ. ಅದರ ಹರಳೂ ಕಲ್ಲಿನ ಹರಳೂ ಒಂದೇ ವಸ್ತು, ಪೇಪರೇ ಮೊದಲು ಸವೆಯುತ್ತದೆ. ಗಾಜಿನ ಮೇಲೆ ಹರಡಿದ ಬಿಡಿ ಹರಳಿನ ಪುಡಿಯ ಕೆಲಸ ಬೇರೆ ತರಹ. ಕಲ್ಲು ಮತ್ತು ಗಾಜಿನ ನಡುವೆ ಉರುಳಾಡುತ್ತಾ ಕಲ್ಲಿನ ಹರಳುಗಳನ್ನು ಹಿಡಿದಿಟ್ಟ ಅಂಟನ್ನು ಒಡೆಯುತ್ತದೆ. ಹಳೆ ಹರಳು ಉದುರಿ ಹೊಸದು ಮೇಲೆ ಬರುತ್ತದೆ. ಹಾಗಾಗಿ ಸಪಾಟಾಗುವುದರ ಜೊತೆ ಹರಿತವೂ ಮರಳುತ್ತದೆ. ನಮ್ಮ ಆಚಾರಿಗಳು ಸಿಮೆಂಟ್ ಮೆಟ್ಟಿಲಿನ ಮೇಲೆ ಹೊಯಿಗೆ, ನೀರು ಹಾಕಿ ಉಜ್ಜುವುದೂ ಇದೇ ಉಪಾಯ. ಹೊಯಿಗೆ ಈ ಕಲ್ಲಿಗಿಂತ ತುಂಬ ಮೆದು. ಆದರೂ ಅಂಟನ್ನು ಒಡೆಯುತ್ತದೆ, ನಿಧಾನ ಅಷ್ಟೆ.

ನಾನು ದಪ್ಪ ಗಾಜಿನ ತುಂಡನ್ನು ಜಗಲಿಯ ಸಪಾಟು ನೆಲದ ಮೇಲೆ ಒದ್ದೆ ಬಟ್ಟೆ ಹಾಸಿ ಇಟ್ಟೆ. ಮೇಲೆ 80 ನಂಬರಿನ ಒರಟು ಸಿಲಿಕಾನ್ ಕಾರ್ಬೈಡ್ ಪುಡಿ ಒಂದು ಚಮಚ, ಸ್ವಲ್ಪ ನೀರು. ಕಲ್ಲಿಗೆ ಪೆನ್ಸಿಲಿನಲ್ಲಿ ಚೌಕುಳಿ ಎಳೆದು ಎಂಟರ ಆಕಾರದಲ್ಲಿ ಉಜ್ಜಿದೆ. ಆಗಾಗ ಕಲ್ಲಿನ ತಲೆ ತಿರುಗಿಸದಿದ್ದರೆ ಒಂದು ತುದಿ ಜಾಸ್ತಿ ಸವೆಯುತ್ತದೆ. ಚರಚರ ಸದ್ದು ತಗ್ಗಿದರೆ ಪುಡಿ ಸತ್ತಿದೆ, ಒರೆಸಿ ಹೊಸದು ಹಾಕಬೇಕು. ನಡುವಿನ ಪೆನ್ಸಿಲ್ ಗೆರೆ ಮಾಯವಾಗುವ ತನಕ ಇದೇ. ಕೈ ಬಿದ್ದುಹೋಗುತ್ತದೆ. ನಯದ ಬದಿಗೆ ಆಮೇಲೆ 220ರ ಸಣ್ಣ ಪುಡಿ ಬೇಕು. ಅದಕ್ಕೆ ಮೊದಲು ಗಾಜು, ಕಲ್ಲು, ಕೈ ಎಲ್ಲ ತೊಳೆಯಿರಿ. 80ರ ಒಂದು ಹರಳು ಉಳಿದರೂ ಆಳದ ಗೀರು ಬೀಳುತ್ತದೆ. ಏನೇ ಮಾಡಿ, ಒಣಗಿಸಿ ಉಜ್ಜಬೇಡಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕಲ್ಲಿನ ಅಂಚುಗಳನ್ನೂ ಓರೆಯಾಗಿ ಉಜ್ಜಿ ಮೊಂಡು ಮಾಡಿದೆ, ಇಲ್ಲದಿದ್ದರೆ ಚಕ್ಕೆ ಏಳುತ್ತದೆ.

ಸ್ವಚ್ಛವಾದ ಕಾರ್ಬೊರಂಡಮ್ ಕಲ್ಲಿಗೆ ಸೋಪಿನ ನೀರೂ ನಡೆಯುತ್ತದೆ. ಆದರೆ ಮಳೆಗಾಲದಲ್ಲಿ ಇಲ್ಲಿ ಉಳಿ ಒರೆಸಿಟ್ಟರೂ ಮರುದಿನ ತುಕ್ಕು. ಆದ್ದರಿಂದ ನಾನು ಹೊಲಿಗೆ ಮಿಷಿನ್ ಎಣ್ಣೆಗೆ ಸ್ವಲ್ಪ ಚಿಮಿಣಿ ಎಣ್ಣೆ ಬೆರೆಸಿ ಬಳಸುತ್ತೇನೆ. ಕೆಲಸ ಮುಗಿದ ಕೂಡಲೇ ಕಲ್ಲಿನ ಮೇಲಿನ ಕಪ್ಪು ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸುತ್ತೇನೆ, ಅದು ಒಳಗೆ ಇಳಿಯಲು ಬಿಡುವುದಿಲ್ಲ. ಪೆಟ್ಟಿಗೆ ಹಲಸಿನ ಮರದಲ್ಲಿ ಹೊಸದಾಗಿ ಮಾಡಿದೆ. ಎರಡೂ ಬದಿ ಬಳಸಲು ಕಲ್ಲನ್ನು ಎತ್ತಿ ತಿರುಗಿಸುವಷ್ಟು ಸಡಿಲ ಬಿಟ್ಟಿದ್ದೇನೆ.

ಒರಟು ಬದಿಯಲ್ಲಿ ಉಳಿಯ ಹಿಂದೆ ಬೆರಳಿಗೆ ಸಣ್ಣ ಏಣು ತಾಗುವ ತನಕ ಉಜ್ಜಿ, ನಯದ ಬದಿಯಲ್ಲಿ ಅದನ್ನು ತೆಗೆಯುತ್ತೇನೆ. ಹಲಸು, ಹೆಬ್ಬಲಸಿಗೆ ಅಷ್ಟು ಸಾಕು. ತೇಗದ ಅಡ್ಡಕೊಯ್ತದ ಮೈ ನುಣುಪಾಗಿ ಬರಬೇಕಾದರೆ ಇನ್ನೊಂದು ನಯವಾದ ಕಲ್ಲು ಬೇಕೇ ಬೇಕು. ಮನೆಯಲ್ಲಿ ಯಾರಾದರೂ ಮೀನಿನ ಕತ್ತಿ ಹಿಡಿದು ಬಂದರೆ ಹಿತ್ತಲಿನ ತಗ್ಗುಬಿದ್ದ ಹಳೆ ಮಸೆಗಲ್ಲು ತೋರಿಸುತ್ತೇನೆ.